ದಾನಿಗೆ ಸಲ್ಲುವ ಗೌರವ

ಬೆಂಗಳೂರಿನ ಪೂರ್ವಕ್ಕಿರುವ ವೈಟ್‌ಫೀಲ್ಡ್ ೧೮೮೨ರಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳ ಬೇಸಾಯದ ನೆಲೆಯಾಗಿ ಹುಟ್ಟಿದ ಊರು. ಈಗ ಅಲ್ಲಿ ತಂತ್ರಾಂಶ ಸಂಸ್ಥೆಗಳ ಎತ್ತರದ ಸೌಧಗಳಿವೆ. ಬಡಮಕ್ಕಳ ವಿದ್ಯೆಗಾಗಿ ನಿಧಿ ಕೂಡಿಸುವ ಸಮಾರಂಭಗಳು ಇಂಥ ಊರುಗಳಲ್ಲಿ ನಡೆಯುತ್ತವೆ. ಉದಾರಿಗಳಾದ ಉದ್ಯಮಿಗಳಿಗೆ ಶಾಲು ಹೊದಿಸಿ, ಫಲತಾಂಬೂಲವಿತ್ತು ಸನ್ಮಾನಿಸುತ್ತಾರೆ. ಈ ಗೌರವ ಸಲ್ಲುವುದು ಹಣಕ್ಕೋ, ಗುಣಕ್ಕೋ?

ಬೆಂಗಳೂರಿನ ಇತಿಹಾಸದಲ್ಲಿಯೇ ಇದಕ್ಕೆ ಉತ್ತರವಿದೆ. ಗುಬ್ಬಿಯ ತೋಟದಪ್ಪನವರು ಮಾಮೂಲುಪೇಟೆಯಲ್ಲಿ ವ್ಯಾಪಾರ ಮಾಡಿ ಧನವಂತರಾದರು. ಅವರಿಗೆ ಮಕ್ಕಳಿರಲಿಲ್ಲ. ಗಳಿಸಿದುದನ್ನು ಅವರು ಧರ್ಮಕ್ಕೆ ಮೀಸಲಿಟ್ಟರು. ರೈಲುನಿಲ್ದಾಣದ ಸಮೀಪದಲ್ಲಿ ಅವರು ಕಟ್ಟಿಸಿದ ಛತ್ರ ೧೯೦೩ರಲ್ಲಿ ಆರಂಭವಾಯಿತು. ದಣಿದು ಬಂದ ಪ್ರಯಾಣಿಕನಿಗೆ ಅಲ್ಲಿ ತಂಗಲು ಎಡೆ ದೊರೆಯಿತು. ಓದಲೆಂದು ಹಳ್ಳಿಯಿಂದ ಬಂದ ಹುಡುಗರಿಗೆ ವಿದ್ಯಾರ್ಥಿನಿಲಯದ ಆಸರೆ ಸಿಕ್ಕಿತು. ನಾಲ್ವಡಿ ಕೃಷ್ಣರಾಜ ಒಡೆಯರು ಅವರಿಗೆ ‘ಧರ್ಮಪ್ರವರ್ತ’ ಎಂಬ ಬಿರುದನ್ನಿತ್ತು ಗೌರವಿಸಿದರು. ೧೯೧೦ರಲ್ಲಿ ತೋಟದಪ್ಪನವರು ಕಾಲವಾದರು. ಅವರು ಮುಖವನ್ನೇ ಕಾಣದ ಎಷ್ಟೋ ತರುಣರು ಆ ಬಳಿಕವೂ ಅವರ ಸೂರಿನಡಿ ಓದಿದರು.

ಸನ್ಮಾನ ತಪ್ಪಲ್ಲ. ಒಬ್ಬ ದಾನಿಯನ್ನು ಕಂಡು ಇನ್ನೊಬ್ಬನ ಕೈ ಸಡಿಲಾಗುತ್ತದೆ. ಆದರೆ ವೇದಿಕೆಯ ಮೇಲೆ ದಾನಿಯ ಪಕ್ಕದಲ್ಲಿ ನೆರವು ಪಡೆದ ಬಾಲಕನೂ ನಿಂತಿರುತ್ತಾನೆ. ಅವನ ಬಡತನ ಸಭೆಯ ನೋಟಕ್ಕೆ ವಸ್ತುವಾಗಬಾರದು. ಛತ್ರದಲ್ಲಿ ಮಲಗಿದವನು ಬೆಳಗ್ಗೆ ಎದ್ದು ತಲೆಯೆತ್ತಿಕೊಂಡೇ ತನ್ನ ದಾರಿ ಹಿಡಿಯುತ್ತಿದ್ದನು. ಹಾಗೆ ನಡೆಯಬಲ್ಲಂತೆ ಕೊಡುವವನೇ ಶಾಲಿಗೆ ತಕ್ಕ ದಾನಿ.