ಆಟಕ್ಕುಂಟು, ಲೆಕ್ಕಕ್ಕಿಲ್ಲ

ಮಕ್ಕಳ ಗುಂಪಿನಲ್ಲಿ ತೀರ ಚಿಕ್ಕದೊಂದು ಇದ್ದರೆ ದೊಡ್ಡ ಮಕ್ಕಳು ಅದನ್ನು ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂದು ಸೇರಿಸಿಕೊಳ್ಳುತ್ತಾರೆ. ಅದು ಎಲ್ಲರ ಜೊತೆ ಓಡಬಹುದು. ಆದರೆ ಗೆದ್ದರೂ ಲೆಕ್ಕವಿಲ್ಲ, ಸೋತರೂ ಲೆಕ್ಕವಿಲ್ಲ. ಬ್ರಿಟನ್ನಿನಲ್ಲಿ ನಮ್ಮ ಡ್ರೈವಿಂಗ್ ಲೈಸೆನ್ಸಿನ ಗತಿಯೂ ಹೆಚ್ಚುಕಡಿಮೆ ಇದೇ.

ನನ್ನ ಮಗಳು ಎಂ.ಎಸ್ಸಿ. ಓದಲು ಇಂಗ್ಲೆಂಡಿಗೆ ಹೋಗುವ ಮೊದಲು ಇಲ್ಲಿ ನಾಲ್ಕು ವರ್ಷ ಕಾರು ಓಡಿಸಿದ್ದಳು. ಅಲ್ಲಿ ಕೋರ್ಸಿನ ಅಂಗವಾಗಿ ಊರಾಚೆಯ ಪ್ರಯೋಗಾಲಯವೊಂದರಲ್ಲಿ ತರಬೇತಿ. ಸಂಜೆಯ ಮೇಲೆ ಆ ಕಡೆ ಬಸ್ಸಿಲ್ಲ. ಹಳೆಯ ಕಾರೊಂದನ್ನು ಕೊಳ್ಳುವ ಯೋಚನೆ ಬಂತು. ಅಲ್ಲಿಯೂ ರಸ್ತೆಯ ಎಡಬದಿಯ ಸಂಚಾರವೇ. ವಾಸಕ್ಕೆ ಬಂದ ದಿನದಿಂದ 12 ತಿಂಗಳು ನಮ್ಮ ಲೈಸೆನ್ಸಿನಲ್ಲೇ ಓಡಿಸಲು ಕಾನೂನು ಒಪ್ಪುತ್ತದೆ. ಆದರೆ ವಿಮೆಯಿಲ್ಲದೆ ಗಾಡಿ ರಸ್ತೆಗಿಳಿಸುವಂತಿಲ್ಲ. ಮೂರನೆಯವರಿಗಾಗುವ ಹಾನಿಯ ವಿಮೆ ಬ್ರಿಟನ್ನಿನಲ್ಲಿ 1930ರ ಕಾಯ್ದೆಯಿಂದಲೇ ಕಡ್ಡಾಯ.

ಕೆಲವು ಕಂಪನಿಗಳು ಭಾರತದ ಲೈಸೆನ್ಸ್ ಎಂದೊಡನೆ ಆಗುವುದಿಲ್ಲ ಎಂದವು. ಕೊನೆಗೆ ವಿದೇಶಿ ಲೈಸೆನ್ಸಿನವರಿಗೆಂದೇ ವಿಮೆ ಮಾಡಿಸುವ ದಲ್ಲಾಳಿಯೊಬ್ಬರು ಸಿಕ್ಕರು. ಅವರು ಹೇಳಿದ ವರ್ಷದ ಕಂತು ಕಾರಿನ ಬೆಲೆಗಿಂತ ಹೆಚ್ಚಾಗಿತ್ತು.

“ಅಪ್ಪಾ, ನಾಲ್ಕು ವರ್ಷದಲ್ಲಿ ಒಂದು ಗೀರೂ ಬೀಳಿಸಿಲ್ಲ ನಾನು. ಆದರೂ ನಿನ್ನೆ ಕಲಿತವಳ ದರ ಹಾಕಿದ್ದಾರಲ್ಲ!” ಎಂದು ಫೋನಿನಲ್ಲಿ ಸಿಡಿಮಿಡಿಗೊಂಡಳು.

ಅವಳ ಸಿಟ್ಟು ನ್ಯಾಯವೇ. ಆದರೆ ವಿಮೆಯ ಗಣಿತ ಬೇರೆ. ನಾಣ್ಯವನ್ನು ಹತ್ತು ಸಲ ಚಿಮ್ಮಿದರೆ ಏಳು ಸಲ ತಲೆ ಬೀಳಬಹುದು. ಹತ್ತು ಸಾವಿರ ಸಲ ಚಿಮ್ಮಿದರೆ ಅರ್ಧದ ಆಸುಪಾಸಿಗೇ ಬರುತ್ತದೆ. ವಿಮೆ ನಿಂತಿರುವುದು ಈ ನಿಯಮದ ಮೇಲೆ. ಕಂಪನಿಗೆ ಗುಂಪಿನ ಲೆಕ್ಕ ಗೊತ್ತು, ಒಬ್ಬೊಬ್ಬರ ಗುಣ ಗೊತ್ತಿಲ್ಲ. ತನ್ನ ದೇಶದ ಚಾಲಕರ ದಾಖಲೆ ಅದರ ಕೈಯಲ್ಲಿದೆ. ನಮ್ಮೂರಿನ ನಾಲ್ಕು ವರ್ಷ ಅದಕ್ಕೆ ಕಾಣುವುದಿಲ್ಲ. ನಮ್ಮ ‘ನೋ ಕ್ಲೇಮ್’ ಪತ್ರವನ್ನೂ ಎಷ್ಟೋ ಕಂಪನಿಗಳು ಒಪ್ಪುವುದಿಲ್ಲ. ಹೊಸ ಊರಿಗೆ ಹೋದವನಿಗೆ ಕಿರಾಣಿ ಅಂಗಡಿಯವನು ಮೊದಲ ದಿನವೇ ಉದ್ರಿ ಕೊಡುವನೇ? ಹಾಗೆಂದು ಅವನು ನಮ್ಮನ್ನು ಕಳ್ಳ ಎಂದಂತಲ್ಲ.

ಅಷ್ಟರಲ್ಲಿ ಪರಿಚಯದ ಕುಟುಂಬವೊಂದು ಉಪಾಯ ಹೇಳಿತು. ಕಾರು, ವಿಮೆ ಎರಡೂ ಆ ಮನೆಯ ಹಿರಿಯರ ಹೆಸರಿನಲ್ಲಿರಲಿ, ಅವರೇ ಮುಖ್ಯ ಚಾಲಕರೆಂದು ಬರೆಯೋಣ, ಓಡಿಸುವುದು ಇವಳು. ಕಂತು ಎಷ್ಟೋ ಇಳಿಯುತ್ತಿತ್ತು. ಹೇಳಿದ್ದು ಒಳ್ಳೆಯ ಮನಸ್ಸಿನಿಂದಲೇ. ನಾನು ಮಾತ್ರ ಬೇಡ ಎಂದೆ. ಅಲ್ಲಿ ಇದನ್ನು ವಂಚನೆ ಎಂದೇ ಎಣಿಸುತ್ತಾರೆ. ಅಪಘಾತವಾದ ದಿನ ಇದು ಬಯಲಾದರೆ ವಿಮೆ ರದ್ದಾಗಬಹುದು. ಒಮ್ಮೆ ರದ್ದಾದದ್ದನ್ನು ಮುಂದೆ ವಿಮೆ ಕೇಳಿದಲ್ಲೆಲ್ಲ ಹೇಳಬೇಕಾಗುತ್ತದೆ. ವಿಮೆಯಿಲ್ಲದೆ ಓಡಿಸಿ ಸಿಕ್ಕಿಬಿದ್ದರೆ 300 ಪೌಂಡ್ ದಂಡ, ಲೈಸೆನ್ಸಿನ ಮೇಲೆ 6 ಪಾಯಿಂಟು. ಪೊಲೀಸರು ಕಾರನ್ನೂ ವಶಪಡಿಸಿಕೊಳ್ಳಬಹುದು. ಹಣ ಹೋದರೆ ದುಡಿಯಬಹುದು. ಪರದೇಶದಲ್ಲಿ ಓದುವ ಹುಡುಗಿಯ ಹೆಸರು ಕೆಟ್ಟರೆ?

ಅವಳು ಸಣ್ಣ ಎಂಜಿನ್ನಿನ ಕಾರು ಹುಡುಕಿದಳು. ಅಲ್ಲಿ ಕಾರುಗಳನ್ನು ವಿಮೆಗಾಗಿ 1ರಿಂದ 50ರವರೆಗೆ ಗುಂಪು ಮಾಡಿದ್ದಾರೆ. ಕೆಳಗಿನ ಗುಂಪಾದಷ್ಟೂ ಕಂತು ಹಗುರ. ತನ್ನ ಹೆಸರಿನಲ್ಲೇ, ಇದ್ದದ್ದನ್ನು ಇದ್ದ ಹಾಗೆ ಬರೆದು ವಿಮೆ ಮಾಡಿಸಿದಳು. ಆ ತಿಂಗಳುಗಳಲ್ಲಿ ಹೊರಗಿನ ಊಟವನ್ನೂ ಬಿಟ್ಟಳು.

ಹನ್ನೆರಡು ತಿಂಗಳ ಗಡುವು ತಲೆಯ ಮೇಲಿತ್ತು. ಆಸ್ಟ್ರೇಲಿಯಾ, ಜಪಾನ್, ದಕ್ಷಿಣ ಆಫ್ರಿಕದಂಥ ಕೆಲವು ದೇಶಗಳ ಲೈಸೆನ್ಸನ್ನು ಬದಲಾಯಿಸಿಕೊಡುತ್ತಾರೆ. ಭಾರತ ಆ ಪಟ್ಟಿಯಲ್ಲಿಲ್ಲ. ನಮ್ಮವರು ಪರೀಕ್ಷೆ ಪಾಸಾಗಲೇಬೇಕು. ಬರಹದ ಭಾಗದಲ್ಲಿ 50 ಪ್ರಶ್ನೆಗೆ 43 ಸರಿಯಾಗಬೇಕು. ಅದು ಸುಲಭವಾಯಿತು. ರಸ್ತೆಯ ಪರೀಕ್ಷೆಯಲ್ಲಿ ಸಣ್ಣ ತಪ್ಪು 15 ದಾಟಬಾರದು, ಗಂಭೀರ ತಪ್ಪು ಒಂದೂ ಕೂಡದು. ಕನ್ನಡಿ ನೋಡದೆ ಪಥ ಬದಲಿಸಿದ್ದಕ್ಕೆ ಮೊದಲ ಸಲ ಫೇಲಾದಳು. ನಮ್ಮಲ್ಲಿ ಕನ್ನಡಿಯ ಕೆಲಸವನ್ನು ಹಾರನ್ನೇ ಮಾಡುತ್ತದಷ್ಟೆ! ಎರಡನೆಯ ಸಲ, ಹನ್ನೊಂದನೆಯ ತಿಂಗಳಲ್ಲಿ ಪಾಸಾದಳು.

ವಿಮೆ ನವೀಕರಿಸುವಾಗ, ಹಿಂದೆ ಬಾಗಿಲು ತೆರೆಯದಿದ್ದ ಕಂಪನಿಗಳೂ ದರ ಹೇಳಿದವು. ಅಲ್ಲಿನ ಲೈಸೆನ್ಸಿನ ಜೊತೆಗೆ ಅವಳ ಸ್ವಂತ ಹೆಸರಿನಲ್ಲಿ ಒಂದು ವರ್ಷದ ಶುದ್ಧ ದಾಖಲೆಯಿತ್ತು. ಹಿರಿಯರ ಹೆಸರಿನಲ್ಲಿ ಓಡಿಸಿದ್ದರೆ ಆ ವರ್ಷವೂ ಅವರ ಖಾತೆಗೇ ಹೋಗುತ್ತಿತ್ತು.

ಮಕ್ಕಳನ್ನು ಹೊರದೇಶಕ್ಕೆ ಕಳಿಸುವ ಪಾಲಕರು ಶುಲ್ಕ, ಬಾಡಿಗೆಗಳ ಜೊತೆಗೆ ಈ ಖರ್ಚನ್ನೂ ಮೊದಲೇ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು. ಅದು ದುಬಾರಿಯೇ. ಆದರೆ ಹೊಸ ಊರಿನ ಲೆಕ್ಕದ ಪುಸ್ತಕದಲ್ಲಿ ಮೊದಲ ಸಾಲನ್ನು ಮಕ್ಕಳು ಸ್ವಂತ ಹೆಸರಿನಲ್ಲೇ ಬರೆಸಿಕೊಳ್ಳಲಿ.