ಮದ್ದಳೆಯಿಲ್ಲದ ಪಟ್ಟಿ

ಅಲ್ಲಮಪ್ರಭುವಿನ ಕಥೆಯಾದ ಚಾಮರಸನ 'ಪ್ರಭುಲಿಂಗಲೀಲೆ'ಯನ್ನು ಬರೀ ಹಾಡುಗಳಲ್ಲೇ ಹೇಳಿಬಿಡಬಹುದು ಎಂದು ನಂಬಿದ್ದೆ. 15ನೇ ಶತಮಾನದ ಕಾವ್ಯ, 25 ಗತಿ, 1111 ಭಾಮಿನಿ ಷಟ್ಪದಿ; ಈಗಿನ ಹುಡುಗರು ಕೂತು ಓದುವುದು ಕಷ್ಟ. ಆದರೆ ಅದರಲ್ಲಿ ಬರುವ ಶರಣರಾದ ಅಲ್ಲಮ, ಅಕ್ಕಮಹಾದೇವಿ, ಬಸವಣ್ಣ ಇವರ ವಚನಗಳನ್ನು ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಹಾಡಿಟ್ಟಿದ್ದಾರೆ. ಕಥೆಯೊಳಗಿನ ಕಲ್ಯಾಣವೂ ನಮ್ಮ ಬೀದರ ಜಿಲ್ಲೆಯದೇ. ಹಾಡು ಹೆಕ್ಕಿ ಮೊಬೈಲಿನಲ್ಲಿ ಪ್ಲೇಲಿಸ್ಟ್ ಮಾಡಿಕೊಂಡು, ಶ್ರಾವಣದ ಒಂದು ಸಂಜೆ ಜನವಾಡದಲ್ಲಿ ಪರಿಚಯದವರ ಅಂಗಳದಲ್ಲಿ ಸ್ಪೀಕರ್ ಹಚ್ಚಿದೆ.

ಹಿರಿಯರು ತಲೆದೂಗಿದರು. ಹುಡುಗರು ಅಲ್ಲಮ ಯಾರೆಂದು ತಿಳಿಯದೆಯೇ ಎದ್ದು ಹೋದರು. ಕೊನೆಗೆ ಒಬ್ಬ ಅಜ್ಜಿ, "ಹಾಡ ಛಂದ ಅವ ತಮ್ಮಾ, ಕಥಿ ಎಲ್ಲದ?" ಅಂದಳು.

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ವಚನ ಎಂಬುದು ಶರಣರು ತಮ್ಮ ಅನುಭವವನ್ನು ತಾವೇ ಆಡಿದ ಮಾತು. ಯಾರು ಎಲ್ಲಿಂದ ಬಂದರು, ಮುಂದೇನಾಯಿತು ಎಂದು ಅದು ಹೇಳುವುದಿಲ್ಲ. ಒಗಟಿನಂಥ ಅಲ್ಲಮನ ಬೆಡಗಿನ ವಚನವಂತೂ ಬಲ್ಲವರೇ ತಡವರಿಸುವಂತೆ ಮಾಡುತ್ತದೆ. ಕಥೆ ಕಟ್ಟಿದವನು ಚಾಮರಸ. ಅವನ ಕಾವ್ಯದ ಜೀವ ಮಾಯೆ. ಪಾರ್ವತಿಯ ತಾಮಸ ಕಳೆಯಾದ ಅವಳು ಬನವಸೆಯಲ್ಲಿ ಅರಸುಮಗಳಾಗಿ ಹುಟ್ಟುತ್ತಾಳೆ, ಅಲ್ಲಮನ ಮದ್ದಳೆಗೆ ಸೋಲುತ್ತಾಳೆ, ಅವನನ್ನು ಹಿಡಿಯಲು ಹೋದರೆ ಕೈಗೆ ಸಿಗುವುದಿಲ್ಲ. ಆ ಮಾಯೆ ಆಡಿದ ಒಂದು ಸೊಲ್ಲೂ ನನ್ನ ಪಟ್ಟಿಯಲ್ಲಿರಲಿಲ್ಲ. ಸಂಗೀತವೇ ಕಥೆ ನಡೆಸುವ ಈ ಭಾಗಕ್ಕೆ ನಾನು ಒಂದು ಮದ್ದಳೆಯ ಪೆಟ್ಟನ್ನೂ ಇಟ್ಟಿರಲಿಲ್ಲ. ಪದಗಳ ಬೆನ್ನುಹತ್ತಿ ನಾದ ಮರೆತಿದ್ದೆ.

ನಮ್ಮ ಕಡೆಯ ಮಠಗಳಲ್ಲಿ ಶ್ರಾವಣದ ಪುರಾಣ ಹೇಗೆ ನಡೆಯುತ್ತದೆಂದು ಚಿಕ್ಕಂದಿನಿಂದ ಕಂಡವನು ನಾನು. ಪುರಾಣಿಕರು ಹೇಳುತ್ತಾರೆ, ನಡುನಡುವೆ ಗವಾಯಿಗಳು ಹಾಡುತ್ತಾರೆ, ತಬಲಾ ಸಾಥ್ ಇರುತ್ತದೆ. ಕಾವ್ಯವನ್ನು ರಾಗವಾಗಿ ಓದುವ ಗಮಕದಲ್ಲೂ ವಾಚನಕ್ಕೆ ಜೋಡಿಯಾಗಿ ವ್ಯಾಖ್ಯಾನ ಇದ್ದೇ ಇರುತ್ತದೆ. ಹೇಳುವವನ ಜಾಗವನ್ನು ಯಂತ್ರಕ್ಕೆ ಬಿಟ್ಟುಕೊಟ್ಟಿದ್ದರಿಂದಲೇ ಅಂದು ಹುಡುಗರು ಕಥೆಯ ಹೊರಗುಳಿದರು.

ಈಗ ಪಟ್ಟಿ ಚಿಕ್ಕದಾಗಿದೆ. ಬನವಸೆಯ ಭಾಗಕ್ಕೆ ಪದವಿಲ್ಲದ ಪಖವಾಜ್ ನುಡಿಕೆ ಇಟ್ಟಿದ್ದೇನೆ. ಅದು ನುಡಿಯುವಾಗ ಮಾಯೆಯ ಕಥೆಯನ್ನು ಬಾಯಲ್ಲೇ ಹೇಳುತ್ತೇನೆ. ಅಕ್ಕ ಬಂದಾಗ ಮನಸೂರರ ದನಿ ಸಾಕು, ನಾನು ಸುಮ್ಮನಿರುತ್ತೇನೆ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸುತ್ತಿದ್ದ ಶರಣ ಸಿದ್ಧರಾಮನನ್ನು ಅಲ್ಲಮ ಕಲ್ಲು-ಮಣ್ಣಿನ ಕೆಲಸದ ಒಡ್ಡನೆಂದು ಕರೆದಾಗ, ಕೆರೆ ಕಟ್ಟುವವರು ಸಿಟ್ಟಿಗೆದ್ದು ಕಲ್ಲು ಬೀರುವ ಪ್ರಸಂಗಕ್ಕೆ ಹಾಡು ಹುಡುಕುವುದನ್ನೇ ಬಿಟ್ಟಿದ್ದೇನೆ. ಅದನ್ನು ಹುಡುಗರ ಮುಂದೆ ನಿಂತು, ಜನವಾಡದ ಮಾತಿನಲ್ಲೇ ಹೇಳಬೇಕು.