ಹಗ್ಗದ ಗಂಟು

"ರಿಟೈರ್ ಆದ್ಮೇಲೆ ದಿನ ಹೇಗೆ ಕಳೀತೀರಿ?" ಅಂತ ಹಳೆಯ ಸಹೋದ್ಯೋಗಿಗಳು ಫೋನ್ ಮಾಡಿದಾಗಲೆಲ್ಲ ಕೇಳುತ್ತಾರೆ. ಆರಾಮಾಗಿ ಅಂದುಬಿಡುತ್ತೇನೆ. ನಿಜ ಹೇಳಬೇಕೆಂದರೆ, ಬೇಸಿಗೆಯಲ್ಲಿ ನನ್ನ ದಿನ ನಡೆಯುವುದು ಬಾವಿಯ ಹಗ್ಗ ಹೇಳಿದ ಹಾಗೆ.

ಬೆಳಿಗ್ಗೆ ಐದೂವರೆಗೆ ಎದ್ದು ಮೊದಲು ಹೋಗುವುದು ಬಾವಿಕಟ್ಟೆಗೆ. ಹಗ್ಗಕ್ಕೆ ಮೊಳಕ್ಕೊಂದು ಗಂಟು ಹಾಕಿಟ್ಟಿದ್ದೇನೆ. ಕೊಡ ನೀರು ಮುಟ್ಟುವ ಹೊತ್ತಿಗೆ ಎಷ್ಟು ಗಂಟು ಕೆಳಗೆ ಹೋಯಿತು ಅಂತ ಎಣಿಸಿ ಕ್ಯಾಲೆಂಡರಿನಲ್ಲಿ ಬರೆಯುವುದು. ಬ್ಯಾಂಕಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಲೆಕ್ಕ ಬರೆದ ಕೈ, ಸುಮ್ಮನಿರುವುದಿಲ್ಲ ನೋಡಿ :)

ನಮ್ಮ ಅಮಾಸೆಬೈಲು ಘಟ್ಟದ ಬುಡದ ಊರು. ಮೇಲಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ನಮಗೂ ಮಳೆಗಾಲದಲ್ಲಿ ಅಂಗಳಕ್ಕೆ ಇಳಿಯಲಾಗದಷ್ಟು ಸುರಿಯುತ್ತದೆ. ಆದರೆ ಮುರಕಲ್ಲಿನ ನೆಲ, ಇಳಿಜಾರು ಬೇರೆ. ಕುಡಿದ ನೀರನ್ನು ಹೆಚ್ಚು ದಿನ ಇಟ್ಟುಕೊಳ್ಳುವುದಿಲ್ಲ. ಏಪ್ರಿಲ್ ಮುಗಿಯುವ ಹೊತ್ತಿಗೆ ಬಾವಿಯ ತಳ ಕಾಣಿಸುತ್ತದೆ.

ಇದೆಲ್ಲ ಊರಲ್ಲೇ ಹುಟ್ಟಿದ ನನಗೆ ಗೊತ್ತಿರಬೇಕಿತ್ತು. ಪರಊರಿನಲ್ಲೇ ಇದ್ದು ಮರೆತಿದ್ದೆ. ವಾಪಸು ಬಂದವನೇ ಉತ್ಸಾಹದಲ್ಲಿ ಅರವತ್ತು ಅಡಿಕೆ ಸಸಿ ನೆಟ್ಟು, ಬಾವಿಗೆ ಮೋಟಾರು ಇಳಿಸಿದೆ. ಪಕ್ಕದ ಹೊಸಂಗಡಿಯಲ್ಲೇ 460 ಮೆಗಾವ್ಯಾಟಿನ ವಾರಾಹಿ ಭೂಗರ್ಭ ವಿದ್ಯುದಾಗಾರ ಇರುವಾಗ ನಾನ್ಯಾಕೆ ಕೊಡದಲ್ಲಿ ನೀರು ಎತ್ತಬೇಕು ಅಂತ ಜಂಬ ಬೇರೆ!

ಅದು 2023. ಆ ವರ್ಷ ಮುಂಗಾರು ಕೇರಳಕ್ಕೆ ಬಂದದ್ದೇ ಜೂನ್ 8ಕ್ಕೆ. ನಾನು ದಿನಾ ಎರಡು ಹೊತ್ತು ಮೋಟಾರು ಹಾಕುತ್ತಿದ್ದೆ. ಒಂದು ಸಂಜೆ ನೋಡಿದರೆ ಕೆಳಮನೆ ಅಕ್ಕ ಸೊಂಟದಲ್ಲೊಂದು ಕೊಡ, ಕೈಯಲ್ಲೊಂದು ಬಿಂದಿಗೆ ಹಿಡಿದು ಹೊಳೆ ಕಡೆಯಿಂದ ಏರು ಹತ್ತಿ ಬರುತ್ತಿದ್ದಾರೆ. ನನಗಿಂತ ಹಿರಿಯರು. "ಎಂತ ಅಕ್ಕ, ಬಾವಿಯಲ್ಲಿ ನೀರಿಲ್ವಾ?" ಅಂತ ಕೇಳಿದೆ.

"ಹ್ವಾಯ್, ನಿಮ್ಮ ಮೋಟ್ರ್ ಶಬ್ದ ಕೇಂಡ್ರೆ ಸಾಕ್, ನಮ್ಮ ಬಾಮಿ ನೀರಿನ್ ಲೆಕ್ಕ ಸಿಕ್ಕತ್ತ್" ಅಂದರು. ನಗುತ್ತಲೇ ಅಂದರು. ಕೊಡ ಸಹ ಇಳಿಸಲಿಲ್ಲ, ಹಾಗೇ ಹೋದರು.

ಆ ರಾತ್ರಿ ನಿದ್ದೆ ಬರಲಿಲ್ಲ. ಮೇಲಿನ ಬಾವಿ, ಕೆಳಗಿನ ಬಾವಿ ಅಂತ ನಾವು ಹೇಳುವುದು. ನೆಲದೊಳಗೆ ನೀರು ಒಂದೇ ಅಲ್ಲವಾ! ಮಾರನೇ ದಿನದಿಂದ ಮೋಟಾರು ನಿಲ್ಲಿಸಿದೆ. ಅರವತ್ತರಲ್ಲಿ ಇಪ್ಪತ್ತಮೂರು ಸಸಿ ಉಳಿದವು. ಅವಕ್ಕೆ ಈಗ ತರಗೆಲೆ, ಸೋಗೆ ಮುಚ್ಚಿ, ಪಾತ್ರೆ ತೊಳೆದ ನೀರು ಕೊಡುತ್ತೇನೆ.

ಉಳಿದ ದಿನ ಎಲ್ಲರ ಮನೆಯ ಹಾಗೆಯೇ. ಒಂಬತ್ತಕ್ಕೆ ಅಂಗಳದಲ್ಲಿ ಚಾಪೆ ಹಾಸಿ ಇವಳು ಒತ್ತಿದ ಹಲಸಿನ ಹಪ್ಪಳ ಒಣ ಹಾಕುವುದು, ಕಾಗೆ ಓಡಿಸುವುದು. ಮಧ್ಯಾಹ್ನ ಕುಚ್ಚಲಕ್ಕಿ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ. ಆಮೇಲೆ ಚಾವಡಿಯಲ್ಲಿ ತಂಪು ನೆಲದ ಮೇಲೆ ಒಂದು ನಿದ್ದೆ. ಸಂಜೆ ಘಟ್ಟದ ಕಡೆ ಗುಡುಗು. ಹಪ್ಪಳ ಒಳಗೆ ತಂದದ್ದೇ ಬಂತು, ಮಳೆ ಬರಲಿಲ್ಲ. ಕರೆಂಟು ಮಾತ್ರ ಹೋಯಿತು! ಎ.ಜಿ. ಕೊಡ್ಗಿಯವರು ಮುಂದೆ ನಿಂತು ಊರಿನ ಮನೆಮನೆಗೂ ಹಾಕಿಸಿದ ಸೋಲಾರ್ ದೀಪದ ಬೆಳಕಲ್ಲಿ ಊಟ ಆಯಿತು.

ರಾತ್ರಿ ಮಗನ ಫೋನ್ ಬೆಂಗಳೂರಿಂದ. "ಅಪ್ಪ, ಬೋರ್‌ವೆಲ್ ಹಾಕಿಸಿಬಿಡು, ದುಡ್ಡು ನಾನು ಕಳಿಸ್ತೇನೆ. ಇಲ್ಲಾ ಇಬ್ಬರೂ ಇಲ್ಲಿಗೆ ಬನ್ನಿ." ಅವನ ಕಾಳಜಿ ಅರ್ಥವಾಗುತ್ತದೆ. ನನಗೂ ಭುಜ ನೋವು ಶುರುವಾಗಿದೆ, ಇನ್ನೆಷ್ಟು ವರ್ಷ ಕೊಡ ಎಳೆದೇನು? ಆದರೆ ಬೋರ್‌ವೆಲ್ ಅಂದಾಗಲೆಲ್ಲ ಆ ಏರು ಕಣ್ಣಿಗೆ ಬರುತ್ತದೆ. "ಮಳೆ ಬರಲಿ ಮಾರಾಯ, ನೋಡುವ" ಅಂದೆ. 2025ರಲ್ಲಿ ಮೇ 24ಕ್ಕೇ ಮುಂಗಾರು ಕೇರಳ ತಲುಪಿತ್ತಲ್ಲ, ಈ ಸಲವೂ ಬೇಗ ಬಂದೀತು ಅಂತ ಒಂದು ಆಸೆ.

ಮಲಗುವ ಮೊದಲು ಇನ್ನೊಮ್ಮೆ ಹಗ್ಗ ಇಳಿಸಿದೆ. ಬೆಳಗ್ಗಿನಷ್ಟೇ ಗಂಟು. ಅಂದರೆ ಎಳೆದಷ್ಟು ಮತ್ತೆ ಒಸರಿದೆ. ಅಕ್ಕನ ಬಾವಿಯಲ್ಲೂ ನಾಳೆಗೆ ನಾಲ್ಕು ಕೊಡ ಇರಬಹುದು. ಬೆಳಿಗ್ಗೆ ಕೇಳಬೇಕು.